ಕುರಿರೊಪ್ಪವನ್ನು ಗುಡ್ಡ ಹತ್ತಿಸಿದ ಅಧಿಕಾರಿಗಳಿಗೆ

ಮಾನ್ಯ ಅಧಿಕಾರಿಗಳೇ,

ಒಂದು ವರ್ಷ ಎರಡು ತಿಂಗಳ ಹಿಂದೆ, ಯಲ್ಲದಕೆರೆ ಕಡೆಯ ಕಾರೇಗುಡ್ಡದಹಟ್ಟಿಯ ‘ಸಮಸ್ತ ಗ್ರಾಮಸ್ಥರು’ ತಮಗೊಂದು ಅರ್ಜಿ ಕೊಟ್ಟಿದ್ದರು. ಅದಕ್ಕೆ ಎರಡು ಪುಟ. ಮೊದಲ ಪುಟದಲ್ಲಿ ಬೀದಿದೀಪ ಮತ್ತು ಚರಂಡಿ ಕೇಳಿತ್ತು. ಅದು ಊರಿಗೆಲ್ಲ ಗೊತ್ತು. ಎರಡನೇ ಪುಟದಲ್ಲಿ, ಹಟ್ಟಿಯ ಪಕ್ಕದ ಗೋಮಾಳದಲ್ಲಿರುವ ಕುರಿರೊಪ್ಪಗಳಿಂದ ದುರ್ವಾಸನೆ, ನೊಣ, ಗದ್ದಲ ಹೆಚ್ಚಿ ಗ್ರಾಮಸ್ಥರಾದ ನಮಗೇ ಬಾಳುವುದು ಕಷ್ಟವಾಗಿದೆ, ದಯವಿಟ್ಟು ಅವನ್ನು ದೂರಕ್ಕೆ ಸ್ಥಳಾಂತರಿಸಿ ಎಂದು ಬೇಡಿಕೊಂಡಿತ್ತು. ಆ ಪುಟದ ಕೆಳಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದ ಮೂವತ್ತೊಂದು ಜನರಿಗೆ ಅಲ್ಲಿ ಏನು ಬರೆದಿದೆ ಎಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬರೆದವನು ನಾನು. ಇಷ್ಟು ದಿನ ಮುಚ್ಚಿಟ್ಟಿದ್ದೆ.

ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಲು ಈ ಪತ್ರ ಬರೆಯುತ್ತಿಲ್ಲ. ನನ್ನ ಪಾಲು ನನ್ನದೇ. ಆದರೆ ಕುರಿ ಕಾಯುವವರೇ ಕುರಿಯ ವಾಸನೆ ತಡೆಯಲಾಗುತ್ತಿಲ್ಲ ಎಂದು ಅರ್ಜಿ ಕೊಟ್ಟಾಗ, ಇದು ಮೀನು ನೀರಿನ ಮೇಲೆ ದೂರು ಕೊಟ್ಟಂತಿದೆಯಲ್ಲ ಎಂದು ತಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಹೊಳೆಯಲಿಲ್ಲವೇ? ಹಟ್ಟಿಗೆ ಬಂದು ಒಬ್ಬ ಮುದುಕಿಯನ್ನು ನಿಲ್ಲಿಸಿ ಕೇಳಿದ್ದರೆ ಸಾಕಿತ್ತು. ಯಾರೂ ಬರಲಿಲ್ಲ. ಹತ್ತೊಂಬತ್ತನೇ ದಿನಕ್ಕೆ ಆದೇಶ ಬಂತು. ಅದೇ ಅರ್ಜಿಯ ಮೊದಲ ಪುಟದ ಬೀದಿದೀಪಗಳು ಮಾತ್ರ ಇವತ್ತಿಗೂ ತಮ್ಮ ಪರಿಶೀಲನೆಯಲ್ಲಿವೆ. ಒಂದೇ ಕಾಗದದ ಒಂದು ಪುಟಕ್ಕೆ ರೆಕ್ಕೆ, ಇನ್ನೊಂದಕ್ಕೆ ಕುಂಟು ಕಾಲು ಹೇಗೆ ಬಂತು?

ಉತ್ತರ ತಮಗೂ ಗೊತ್ತು, ನನಗೂ ಗೊತ್ತು. ಓದುವವರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ನಮ್ಮ ಹಟ್ಟಿಯ ಪಕ್ಕ ಆರು ವರ್ಷದ ಹಿಂದೆ ನಲವತ್ತು ಮನೆಗಳ ಒಂದು ಬಡಾವಣೆ ಎದ್ದಿತು. ಬೆಟ್ಟದ ಸೀಮೆಯ, ಮಂಜಿನ ಊರುಗಳ, ಬೆಂಗಳೂರಿನ ವಯಸ್ಸಾದವರು ದೀಪಾವಳಿ ಕಳೆದ ಮೇಲೆ ಬಂದು ಶಿವರಾತ್ರಿವರೆಗೆ ಇಲ್ಲಿರುತ್ತಾರೆ. ಅಲ್ಲಿಯ ಚಳಿ ಅವರ ಎದೆಗೂ ಮೊಣಕಾಲಿಗೂ ಆಗುವುದಿಲ್ಲ. ಇಲ್ಲಿಯ ಒಣ ಹವೆ, ಹದವಾದ ಬಿಸಿಲು ಆಗುತ್ತದೆ. ಹಟ್ಟಿಯವರು ಆ ಮನೆಗಳಿಗೆ ಚಳಿಮನೆಗಳು ಎನ್ನುತ್ತಾರೆ. ನಮ್ಮ ಗುಡ್ಡದ ಗಾಳಿಗೆ ಬೆಲೆ ಇದೆ ಎಂದು ಗಾಳಿಯಂತ್ರಗಳು ಬಂದಾಗ ತಿಳಿಯಿತು. ನಮ್ಮನ್ನು ಸುಟ್ಟು ಕರಿ ಮಾಡಿದ ಬಿಸಿಲಿಗೂ ಬೆಲೆ ಇದೆ ಎಂದು ಚಳಿಮನೆಗಳು ಬಂದಾಗ ತಿಳಿಯಿತು. ಎರಡೂ ಸಲ ಕೊನೆಗೆ ತಿಳಿದವರು ನಾವೇ.

ಅವರನ್ನು ದ್ವೇಷಿಸಲು ನನ್ನಿಂದಾಗದು. ಹನ್ನೊಂದನೇ ನಂಬರಿನ ಮನೆಯ ಅನುಪಮಾ ಮೇಡಂ ನಿವೃತ್ತ ಉಪನ್ಯಾಸಕಿ, ಉಬ್ಬಸದವರು. ತಮ್ಮೂರಿನಲ್ಲಿ ಚಳಿಗಾಲವೆಲ್ಲ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದವರು, ಇಲ್ಲಿಗೆ ಬಂದ ಮೂರನೇ ದಿನ ಮಂಚದ ಮೇಲೆ ಮಲಗಿದೆ ಎಂದು ನನ್ನೆದುರು ಹೇಳಿ ಕಣ್ಣೊರೆಸಿಕೊಂಡಿದ್ದರು. ಒಬ್ಬರಿಗೆ ಉಸಿರು ಸಿಕ್ಕರೆ ಬೇಡ ಎನ್ನುವ ಊರು ನಮ್ಮದಲ್ಲ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಹಿರಿಯೂರಿನ ಪೆಟ್ರೋಲ್ ಬಂಕು, ಚಿಕ್ಕಜಾಜೂರು ಸ್ಟೇಷನ್ ಹತ್ತಿರದ ಹೋಟೆಲು, ಹೊಸದುರ್ಗದ ಪಂಕ್ಚರ್ ಅಂಗಡಿ ಎಂದು ತಿರುಗಿ ಎಲ್ಲೂ ನಾಲ್ಕು ತಿಂಗಳು ನಿಲ್ಲದೆ ಊರಿಗೆ ಬಂದು ಬಿದ್ದಿದ್ದೆ. ಚಳಿಮನೆಗಳ ಕಾವಲಿಗೆ ಸೇರಿಸಿಕೊಂಡದ್ದು ಅಲ್ಲಿಯವರೇ. ನನ್ನ ಅಕ್ಷರ ನೋಡಿ, ಹತ್ತನೇ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿಸುತ್ತೇನೆ ಎಂದು ಕೂರಿಸಿಕೊಂಡು ಪಾಠ ಹೇಳಿದವರು ಅನುಪಮಾ ಮೇಡಂ.

ಆದರೆ ನಲವತ್ತು ಮನೆಯವರು ನಾಲ್ಕು ತಿಂಗಳು ಬಂದು ಕೂತರೆ, ನೂರು ಮನೆಯ ಊರು ಹನ್ನೆರಡು ತಿಂಗಳೂ ಅವರ ಸುತ್ತ ತಿರುಗಲು ಶುರುಮಾಡುತ್ತದೆ. ಅದನ್ನು ತಾವು ಯಾವ ಕಡತದಲ್ಲೂ ನೋಡಿರುವುದಿಲ್ಲ. ಹಟ್ಟಿಯ ಹೆಂಗಸರು ಅಲ್ಲಿ ಅಡುಗೆಗೆ, ಕಸಕ್ಕೆ ಹೋಗುತ್ತಾರೆ. ಅದಕ್ಕೇ ನಮ್ಮಲ್ಲಿ ಮದುವೆಗಳು ಶಿವರಾತ್ರಿ ಆಚೆಗೆ ಹೋದವು. ಹಾಲು ಮೊದಲು ಅಲ್ಲಿಗೆ ಹೋಗಿ, ಉಳಿದರೆ ಹಟ್ಟಿಗೆ ಬರುತ್ತದೆ. ಅವರು ಹೋದ ಮೇಲೆ ಎಂಟು ತಿಂಗಳು ಆ ಬೀದಿಯಲ್ಲಿ ಬೀಗಗಳು ಮಾತ್ರ. ಹಟ್ಟಿಯ ಮಕ್ಕಳು ದಿನ ಎಣಿಸುವುದೂ ‘ಅವ್ರು ಬರಾಕ್ ಮುಂಚೆ’, ‘ಅವ್ರು ಹೋದ್ ಮ್ಯಾಲೆ’ ಎಂದೇ.

ಇನ್ನು ರೊಪ್ಪದ ವಿಷಯ. ರೊಪ್ಪವೆಂದರೆ ಜಾಲಿಮುಳ್ಳಿನ ಬೇಲಿ ಕಟ್ಟಿ ಕುರಿ ಕೂಡುವ ಜಾಗ. ಅದು ಎಲ್ಲಿದ್ದರೇನು ಎಂದು ತಮಗೆ ಅನಿಸಿರಬಹುದು. ನಮ್ಮ ಕುರಿಗಳು ಮರಿ ಹಾಕುವುದು ದೀಪಾವಳಿ ಕಳೆದ ಮೇಲೆ. ತಾಯಿ ಕುರಿಗಳು ಬೆಳಿಗ್ಗೆ ಗಂಡಸರ ಜೊತೆ ಮೇಯಲು ಹೋಗುತ್ತವೆ. ಎಳೆಮರಿಗಳನ್ನು ರೊಪ್ಪದಲ್ಲೇ ಕುಕ್ಕೆ ಬೋರಲು ಹಾಕಿ ಕೆಳಗೆ ಬಿಡುತ್ತಾರೆ. ಅವನ್ನು ನೋಡಿಕೊಳ್ಳುವವರು ಮನೆಯ ಹೆಂಗಸರು. ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು ಒಂದು ಸಲ ಹೋಗಿ ನೋಡಿ ಬರುವುದು, ಬಟ್ಟೆ ಒಗೆದು ಇನ್ನೊಂದು ಸಲ. ಸಂಜೆ ಕುರಿ ಬಂದಾಗ ತಾಯಿಗಳೆಲ್ಲ ಒಟ್ಟಿಗೆ ಕೂಗುತ್ತವೆ, ಮರಿಗಳೆಲ್ಲ ಒಟ್ಟಿಗೆ ಕೂಗುತ್ತವೆ. ಆ ಗದ್ದಲದಲ್ಲಿ ಯಾವ ಮರಿ ಯಾವ ತಾಯಿಯದು ಎಂದು ಮುಖ ನೋಡಿ ಹಿಡಿದು ಮೊಲೆಗೆ ಬಿಡಬೇಕು. ಇದಕ್ಕಾಗಿಯೇ ರೊಪ್ಪ ಮನೆಯಿಂದ ಕೂಗಳತೆಯಲ್ಲಿರುತ್ತದೆ. ನನ್ನ ದೊಡ್ಡಮ್ಮ ಬರಗೇರಮ್ಮನಿಗೆ ಎಪ್ಪತ್ತರ ಹತ್ತಿರ. ಅರವತ್ತು ಕುರಿಗಳಲ್ಲಿ ಒಂದರ ಮರಿಯನ್ನೂ ಅವಳು ತಪ್ಪು ತಾಯಿಗೆ ಬಿಟ್ಟದ್ದನ್ನು ನಾನು ಕಂಡಿಲ್ಲ. ನಾನು ಉಣ್ಣುವುದು ಅವಳ ಮನೆಯಲ್ಲೇ.

ಆ ಸಂಜೆಯ ಅರ್ಧ ಗಂಟೆಯೇ ಚಳಿಮನೆಯವರು ವಾಕಿಂಗಿಗೆ ಹೊರಡುವ ಹೊತ್ತು. ಅವರ ನಾಲ್ಕು ತಿಂಗಳೂ ನಮ್ಮ ಮರಿಗಳ ನಾಲ್ಕು ತಿಂಗಳೂ ಒಂದೇ.

ಹಾಗಾಗಿ ಒಂದು ದಿನ ಅನುಪಮಾ ಮೇಡಂ ನನ್ನನ್ನು ಕೂರಿಸಿಕೊಂಡು ಎರಡನೇ ಪುಟ ಹೇಳಿ ಬರೆಸಿದರು. “ನಾವು ಕೇಳಿದರೆ ಹೊರಗಿನವರು ಅಂತಾರೆ. ಊರವರೇ ಕೇಳಿದರೆ ಕೆಲಸ ಆಗುತ್ತೆ. ಸ್ವಲ್ಪ ದೂರ ಹೋದರೆ ಸಾಕಪ್ಪ, ಕುರಿಗೇನು ಕಷ್ಟ?” ಎಂದರು. ಕುರಿಗೇನು ಕಷ್ಟ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಪಾಠ ನಿಂತುಹೋಗುತ್ತದೆ ಎಂದು ಹೆದರಿದೆ. ಹಾಳೆ ಹಿಡಿದು ಮನೆ ಮನೆಗೆ ಹೋದೆ. ಓದಿ ಹೇಳಲೇ ಎಂದು ಎಲ್ಲರನ್ನೂ ಕೇಳಿದೆ, ಬೇಡ ಎನ್ನಲಿ ಎಂದು ಒಳಗೇ ಬೇಡಿಕೊಳ್ಳುತ್ತ ಕೇಳಿದೆ. ಹಟ್ಟಿಯ ಹಿರಿಯ ರಂಗಯ್ಯಜ್ಜ ನಕ್ಕು, “ಮನೆ ಸಾರಿಗೆ ಯಾರಾನ ಉಪ್ಪು ನೋಡಿ ಉಣ್ತಾರೇನ್ಲಾ? ಕೊಡ್ ಇತ್ಲಾಗೆ” ಎಂದು ಸಹಿ ಹಾಕಿದ. ದೊಡ್ಡಮ್ಮ ಹೆಬ್ಬೆಟ್ಟು ಒತ್ತಿ, ಬೀದಿದೀಪ ಬಂದರೆ ಮೊದಲು ನಮ್ಮ ರೊಪ್ಪದ ತಿರುವಿಗೆ ಹಾಕಿಸು ಎಂದಳು. ಹೊರಗಿನವರು ಬರೆದು ತಂದಿದ್ದರೆ ನಮ್ಮ ಜನ ಹತ್ತು ಸಲ ಓದಿಸಿ ಕೇಳುತ್ತಿದ್ದರು. ಹಟ್ಟಿಯ ಹುಡುಗ ಬರೆದದ್ದನ್ನು ಓದಿಸಿ ಕೇಳುವುದು ಅವನಿಗೆ ಅವಮಾನ ಎಂದು ತಿಳಿಯುವ ಜನ ಅವರು.

ಅರ್ಜಿಯಲ್ಲಿ ‘ದೂರಕ್ಕೆ’ ಎಂದಷ್ಟೇ ಇತ್ತು. ‘ಎರಡು ಕಿಲೋಮೀಟರ್’ ಎಂದು ಬರೆದದ್ದು ತಾವು. ರೊಪ್ಪಗಳು ಗುಡ್ಡದ ಹಿಂಬದಿಗೆ ಹೋದವು. ಇಷ್ಟು ದೂರ ಅಂದಿರಲಿಲ್ಲ ಎಂದು ಮೇಡಂ ನೊಂದುಕೊಂಡರು. ಅವರು ಹೇಳಿದ್ದರು, ನಾನು ಬರೆದಿದ್ದೆ, ಊರವರು ಒತ್ತಿದ್ದರು, ತಾವು ಆದೇಶಿಸಿದ್ದಿರಿ. ಎಲ್ಲರದೂ ಸ್ವಲ್ಪ ಸ್ವಲ್ಪವೇ. ಕುರಿಗಳು ಮಾತ್ರ ಪೂರ್ತಿ ಎರಡು ಕಿಲೋಮೀಟರ್ ಹೋದವು. ಹೆಂಗಸರು ದಿನಕ್ಕೊಂದು ಸಲ ಗುಡ್ಡ ಹತ್ತುವುದೇ ಹೆಚ್ಚಾಯಿತು. ಮರಿಗಳು ಹಗಲೆಲ್ಲ ಕುಕ್ಕೆಯಡಿ ಕಾಯುವವರಿಲ್ಲದೆ ಉಳಿದವು.

ಚಳಿಮನೆಯವರಿಗೆ ನಾಯಿಗಳೆಂದರೆ ಪ್ರೀತಿ. ಬೀದಿಯ ಹನ್ನೆರಡು ನಾಯಿಗಳಿಗೆ ಹೆಸರಿಟ್ಟು, ಕೆಂಪು ಕೊರಳಪಟ್ಟಿ ಕಟ್ಟಿ, ಎರಡು ಹೊತ್ತು ಮೊಸರನ್ನ ಹಾಕಿಸುತ್ತಿದ್ದರು. ಹಾಕುತ್ತಿದ್ದವನು ನಾನೇ, ಅದು ಕಾವಲಿನ ಕೆಲಸದಲ್ಲಿ ಸೇರಿತ್ತು. ಹೋದ ಶಿವರಾತ್ರಿ ಕಳೆದು ಅವರು ಮನೆಗೆ ಬೀಗ ಹಾಕಿ ಹೊರಟರು. ನಾಯಿಗಳಿಗೆ ಯಾರೂ ಏನೂ ಹೇಳಿ ಹೋಗಲಿಲ್ಲ. ನಾಲ್ಕು ತಿಂಗಳು ಹುಡುಕಿ ತಿನ್ನುವುದನ್ನೇ ಮರೆತ ನಾಯಿಗಳು ಒಂದು ವಾರ ಮುಚ್ಚಿದ ಗೇಟುಗಳ ಮುಂದೆ ಕೂತು ನೋಡಿದವು. ಎಂಟನೇ ದಿನ ಮಧ್ಯಾಹ್ನ, ಬುತ್ತಿ ತೆಗೆದುಕೊಂಡು ದೊಡ್ಡಮ್ಮನ ಹಿಂದೆ ಗುಡ್ಡ ಹತ್ತಿದೆ. ನಮ್ಮ ರೊಪ್ಪದ ಬೇಲಿ ಒಂದು ಕಡೆ ಕಿತ್ತುಹೋಗಿತ್ತು. ಕುಕ್ಕೆಗಳೆಲ್ಲ ಉರುಳಿದ್ದವು. ತಡವಾಗಿ ಹುಟ್ಟಿದ ಹದಿನಾಲ್ಕು ಮರಿಗಳೂ ಸತ್ತಿದ್ದವು. ತೋಳವಾದರೆ ಒಂದನ್ನು ಹೊತ್ತುಕೊಂಡು ಹೋಗುತ್ತದೆ. ನಾಯಿ ಗುಂಪು ಹಾಗಲ್ಲ. ಕೆಂಪು ಪಟ್ಟಿಯ ಒಂದು ನಾಯಿ ಇನ್ನೂ ಅಲ್ಲೇ ಇತ್ತು. ನನ್ನ ಗುರುತು ಹಿಡಿದು, ರಕ್ತದ ಮೂತಿಯಲ್ಲೇ ಬಾಲ ಅಲ್ಲಾಡಿಸುತ್ತ ಹತ್ತಿರ ಬಂತು.

ಆ ಸಂಜೆ ತಾಯಿ ಕುರಿಗಳು ಬಂದು ಕೂಗಿದವು. ಎದುರು ಕೂಗುವವರಿರಲಿಲ್ಲ. ದೊಡ್ಡಮ್ಮ ಸತ್ತ ಮರಿಗಳನ್ನು ಒಂದೊಂದಾಗಿ ಎತ್ತಿ ಅದರದರ ತಾಯಿಯ ಮುಂದೆ ಇಟ್ಟು ಮೂಸಿಸಿದಳು. ಗೊತ್ತಾಗದಿದ್ದರೆ ಅವು ವಾರಗಟ್ಟಲೆ ಹುಡುಕುತ್ತವಂತೆ. ಆಮೇಲೆ ಕೆಚ್ಚಲು ಬಾತುಕೊಳ್ಳದಿರಲಿ ಎಂದು ಹದಿನಾಲ್ಕು ಕುರಿಗಳ ಹಾಲನ್ನೂ ಮಣ್ಣಿಗೆ ಕರೆದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಆಗಲೂ ಹೇಳಲಿಲ್ಲ.

ಬೇಸಿಗೆಯಲ್ಲಿ ಹಟ್ಟಿಯ ಅರ್ಧ ಮನೆಯವರು ಕುರಿ ಮಾರಿದರು. ದೊಡ್ಡಮ್ಮ ಮಾರಲಿಲ್ಲ. ಈ ವರ್ಷ ಹುಟ್ಟಿದ ಒಂಬತ್ತು ಮರಿಗಳನ್ನು ಗುಡ್ಡಕ್ಕೆ ಕಳಿಸದೆ ತನ್ನ ಮನೆಯ ಜಗುಲಿಯ ಮೇಲೆ, ತನ್ನ ಕಣ್ಣೆದುರು, ಕುಕ್ಕೆಯಡಿ ಇಟ್ಟುಕೊಂಡಳು. ಸಂಜೆ ತಾಯಿಗಳನ್ನು ಅಲ್ಲಿಗೇ ಹೊಡೆದುಕೊಂಡು ಬರುತ್ತಿದ್ದಳು. ಹತ್ತು ದಿನದ ಹಿಂದೆ ತಮ್ಮ ನೋಟಿಸ್ ಬಂತು: ವಸತಿ ಪ್ರದೇಶದಲ್ಲಿ ಕುರಿ ಕೂಡುವುದು ಹಿಂದಿನ ಆದೇಶದ ಉಲ್ಲಂಘನೆ, ಆದೇಶವು ‘ಗ್ರಾಮಸ್ಥರ ಸ್ವಂತ ಕೋರಿಕೆಯ ಮೇರೆಗೆ’ ಆದದ್ದು. ಓದಿ ಹೇಳು ಎಂದು ಅವಳು ನನ್ನ ಕೈಗೇ ಕೊಟ್ಟಳು. ‘ಸ್ವಂತ ಕೋರಿಕೆ’ ಎಂಬಲ್ಲಿಗೆ ಬಂದಾಗ ನೋಟಿಸ್ ಕೆಳಗಿಟ್ಟೆ. ಅಲ್ಲೇ ಎಲ್ಲ ಹೇಳಿಬಿಟ್ಟೆ.

ಬೈಯುತ್ತಾಳೆ ಎಂದು ಕಾದೆ. ಅವಳು ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದಳು, ತೆಗೆದು ಮುಗಿಸಿದಳು.

“ನನ್ ಹೆಬ್ಬೆಟ್ಟು ಆ ಪುಟದಾಗೆ ಐತೇನ್ಲಾ?”

“ಐತೆ ದೊಡ್ಡಮ್ಮ.”

“ಹಂಗಾದ್ರೆ ಮರಿಗಳ್ನ ನಾನೇ ಕೊಟ್ಟಂಗಾತು.”

ಇಲ್ಲ, ನಾನು ಬರೆದದ್ದು ಎಂದೆ. ಒತ್ತಿದವಳು ತಾನಲ್ಲವೇ ಎಂದಳು. ಎಷ್ಟು ಹೇಳಿದರೂ ಅವಳು ಆ ಮಾತು ಬಿಡಲಿಲ್ಲ. ಮಾನ್ಯರೇ, ಆದೇಶದ ಕೆಳಗೆ ಸಹಿ ಮಾಡಿದ ತಾವು, ಅರ್ಜಿ ಬರೆದ ನಾನು, ಇಬ್ಬರೂ ಅಕ್ಷರ ಕಲಿತವರು. ಹೊಣೆ ಹೊತ್ತವಳು ಅಕ್ಷರ ಬಾರದವಳು. ಮಾರನೇ ದಿನ ಊಟಕ್ಕೆ ಬಡಿಸುತ್ತ, “ಇದ್ನೂ ಬರಿ ಅವ್ರಿಗೆ. ನಿಂಗೆ ಬರೆಯಾಕ್ ಬರ್ತೈತಲ್ಲ” ಎಂದಳು. ಅದಕ್ಕೇ ಈ ಪತ್ರ. ಈ ಸಲ ಎಲ್ಲ ಪುಟಗಳನ್ನೂ ಹಟ್ಟಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳಿದ್ದೇನೆ. ರಂಗಯ್ಯಜ್ಜ ಕೊನೆವರೆಗೂ ಕೇಳಿ ಎದ್ದು ಹೋದ. ಅನುಪಮಾ ಮೇಡಂ ಮನೆಯಲ್ಲೂ ಓದಿದ್ದೇನೆ. ಅವರು ಅತ್ತರು, ಆಮೇಲೆ ಉಸಿರಿಗೆ ಕಷ್ಟವಾಗಿ ಒಳಗೆ ಹೋದರು. ನನ್ನ ಪಾಠ ಅಲ್ಲಿಗೆ ಮುಗಿಯಿತು.

ನಾನು ಕೇಳುವುದು ಇಷ್ಟು. ಆ ಅರ್ಜಿಯ ಎರಡನೇ ಪುಟ ಸುಳ್ಳು. ಅದರ ಮೇಲೆ ನಿಂತ ಆದೇಶವನ್ನು ರದ್ದು ಮಾಡಿ. ಬರುವ ದೀಪಾವಳಿಯ ಒಳಗೆ, ಮರಿ ಬೀಳುವ ಮೊದಲು, ರೊಪ್ಪಗಳು ಹಳೆಯ ಗೋಮಾಳಕ್ಕೆ ಬರಲಿ. ಚಳಿಗೆ ಬರುವವರು ಬರಲಿ, ಬಿಸಿಲು ಎಲ್ಲರಿಗೂ ಸಾಲುವಷ್ಟಿದೆ. ಸಂಜೆಯ ಅರ್ಧ ಗಂಟೆಯ ಕೂಗನ್ನು ಅವರು ಸಹಿಸಬೇಕು, ನಾಯಿಗಳನ್ನು ಸಾಕಿದರೆ ಜೊತೆಗೆ ಕರೆದೊಯ್ಯಬೇಕು. ಸುಳ್ಳು ಅರ್ಜಿ ಬರೆದದ್ದಕ್ಕೆ ಶಿಕ್ಷೆ ಇದ್ದರೆ ನನಗೆ ಕೊಡಿ, ತಪ್ಪಿಸಿಕೊಳ್ಳುವುದಿಲ್ಲ. ಮತ್ತು ತಮ್ಮವರು ಯಾರಾದರೂ ಒಬ್ಬರು ಬರಗೇರಮ್ಮನ ಮುಂದೆ ನಿಂತು, ಮರಿಗಳನ್ನು ಕೊಟ್ಟದ್ದು ನೀನಲ್ಲ ಎಂದು ಹೇಳಿ. ನನ್ನ ಮಾತನ್ನು ಅವಳು ನಂಬುವುದಿಲ್ಲ. ಸರ್ಕಾರದ ಮಾತನ್ನು ಇನ್ನೂ ನಂಬುತ್ತಾಳೆ.

ಅದನ್ನು ಹೇಳಲು ಹಟ್ಟಿಗೆ ಬಂದರೆ ಅವಳು ಸಿಗುವುದಿಲ್ಲ. ನೋಟಿಸ್ ಬಂದ ಮೇಲೆ ಮರಿಗಳನ್ನು ಜಗುಲಿಯಲ್ಲಿ ಇಡುವಂತಿಲ್ಲ, ಅವಳು ಕುರಿ ಹೊಡೆದುಕೊಂಡು ಹೊರಟಿದ್ದಾಳೆ. ಧರ್ಮಪುರದ ಕಡೆ ಕಡಲೆಕಾಯಿ ಕಿತ್ತ ಹೊಲಗಳಿವೆ. ಗೊಬ್ಬರಕ್ಕಾಗಿ ಕುರಿ ಕೂಡಲು ಜಾಗ ಕೊಡುತ್ತಾರೆ, ಇರಲು ಒಂದು ಗುಡಿಸಲನ್ನೂ ಕೊಡುತ್ತಾರೆ. ಒಂಬತ್ತು ಮರಿಗಳನ್ನು ಹೊತ್ತು ನಡೆಯಲು ಅವಳಿಂದಾಗದು, ಅದಕ್ಕೆ ನಾನೂ ಹೋಗುತ್ತೇನೆ. ಬಾ ಎಂದು ಅವಳು ಕರೆದಿಲ್ಲ, ಬೇಡ ಎಂದೂ ಅಂದಿಲ್ಲ. ಚಳಿಮನೆಯವರು ಶಿವರಾತ್ರಿವರೆಗೆ ಇರುತ್ತಾರೆ. ನಾವು ನಾಳೆ ಬೆಳಿಗ್ಗೆ ಹೊರಡುತ್ತೇವೆ.

ಇಂತಿ,
ತಮ್ಮ ಹತ್ತೊಂಬತ್ತು ದಿನದ ಆದೇಶಕ್ಕೆ ಕಾರಣನಾದ,
ಮಾರುತೇಶ್
ಕಾರೇಗುಡ್ಡದಹಟ್ಟಿ