ಮುಹೂರ್ತದ ಬೇಲು

೧೯೩೭, ಫೆಬ್ರುವರಿ ೮
ಬೆಳಗಿನ ರೈಲಿಗೆ ಮಾಳಮಡ್ಡಿಯಿಂದ ಹುಬ್ಬಳ್ಳಿ. ಹತ್ತಿ ಗಿರಣಿಯ ಹಿತ್ತಿಲಲ್ಲಿ ನನ್ನ ಶೆಡ್ಡು. ‘ಪ್ರಯೋಗ ಶಾಖೆ’ ಅಂತ ಬೋರ್ಡು ಮಾತ್ರ ದೊಡ್ಡದು—ಒಳಗೆ ಬೆಲ್ಟಿಲ್ಲ, ಯಂತ್ರವಿಲ್ಲ. ಹತ್ತಿಯಲ್ಲಿನ ಕಬ್ಬಿಣದ ಚೂರು ಬೀಜ ಬಿಡಿಸುವ ಜಿನ್ನಿಗೆ ಬಡಿದು ಕಿಡಿ ಹಾರುತ್ತದೆ. ಅದನ್ನು ಮೊದಲೇ ಹಿಡಿಯುವ ಅಯಸ್ಕಾಂತ ಮಾಡಿಟ್ಟಿದ್ದೇನೆ. ಜೋಡಿಸಿ ನೋಡಲು ಒಂದು ಜಿನ್ ಕೊಡುವವರಿಲ್ಲ. ಸದ್ದಿಲ್ಲದ ಜಾಗವೆಂದು ಸೀಜನ್ನಿನಲ್ಲಿ ಗಿರಣಿಯ ಕೂಲಿ ಹೆಂಗಸರು ನನ್ನ ವರಾಂಡದಲ್ಲಿ ಕೂಸುಗಳ ಜೋಳಿಗೆ ಕಟ್ಟುತ್ತಾರೆ. ನಮ್ಮ ಶಾಖೆಯಿಂದ ಆದ ಉಪಕಾರ ಇದೊಂದೇ.

ಫೆಬ್ರುವರಿ ೧೦
ಗಿರಣಿಯ ಒಡೆಯರು ಕುಬೇರಪ್ಪ ಸಾಹುಕಾರರನ್ನು ಕಂಡೆ. ಮುಂಬೈಯ ವ್ಯಾಪಾರಿಗಳು ಬಂದಾಗ ಶೆಡ್ಡು ತೋರಿಸಿ ಮೀಸೆ ತಿರುವುವವರು ಇವರೇ.
“ಸೀಜನ್ನಿನ್ಯಾಗ ಪ್ರಯೋಗ ಬ್ಯಾಡ್ರಿ ಶಾಂತಯ್ಯನವರ. ಬೆಂಕಿ ಬಿದ್ರ ಇನ್ಶೂರೆನ್ಸ್‌ದವ್ರು ಕೊಡ್ತಾರ. ನಿಮ್ಮ ಅಯಸ್ಕಾಂತ ಸಿಕ್ಕೊಂಡು ಜಿನ್ ನಿಂತ್ರ ಯಾರ ಕೊಡ್ತಾರ?”
ಹೊರಗೆ ಬಂದ ಮೇಲೆ ನಾಲ್ಕು ಉತ್ತರ ಹೊಳೆದವು. ಸಿಟ್ಟು ಇನ್ನೂ ಇಳಿದಿಲ್ಲ.

ಫೆಬ್ರುವರಿ ೧೨
ಮುಹೂರ್ತ. ಸೀಜನ್ನಿನ ಮೊದಲ ದಿನ ಪೂಜೆಯಾಗಿ ಚಾಲೂ ಆದ ಜಿನ್, ಅರಳೆಯ ಮೊದಲ ಒತ್ತುಮೂಟೆ, ಅಂದರೆ ಮೊದಲ ಬೇಲು, ಕಟ್ಟುವತನಕ ನಿಲ್ಲಬಾರದು. ನಿಂತರೆ ಅಪಶಕುನ. ನಡುವೆ ಕಿಡಿ ಹಾರಿತು! ಹತ್ತಿ ಹಾಕುತ್ತಿದ್ದ ರೆಹಮತ್‌ಬಿ ಒದ್ದೆ ಗೋಣಿ ಬಡಿದು ಆರಿಸಿದಳು.
“ನಿಲ್ಲಿಸ್ರಿ, ಹತ್ತಿ ಕೆದರಿ ನೋಡೋಣು” ಎಂದೆ. ಆರತಿ ಹಿಡಿದವರು ನನ್ನನ್ನು ದುರುಗುಟ್ಟಿ ನೋಡಿದರು. ಹತ್ತಿಯೆಲ್ಲ ಬೇಲು ಕಟ್ಟುವ ಪ್ರೆಸ್ಸಿಗೆ ಹೋಯಿತು. ನಾನೂ ಸುಮ್ಮನೆ ಪ್ರಸಾದ ತಿಂದೆ.

ಫೆಬ್ರುವರಿ ೧೩
ಮುಹೂರ್ತದ ಬೇಲನ್ನು ಸೀಜನ್ ಮುಗಿಯುವತನಕ ಮಾರುವುದಿಲ್ಲ. ಗೋದಾಮಿನ ಜಾಗ ಅದಕ್ಕೆ ದಂಡವಂತೆ. ಮತ್ತೆಲ್ಲಿಡಬೇಕು? ನನ್ನ ಶೆಡ್ಡಿಗೇ ತಂದಿಟ್ಟರು, ಹಾರ ಸಮೇತ.

ಫೆಬ್ರುವರಿ ೨೩
ಜ್ವರದಿಂದೆದ್ದು ಇವತ್ತೇ ಬಂದೆ. ಒಳಗೆ ಏನೋ ಕಮರು ವಾಸನೆ. ಊದುಬತ್ತಿ ಅಂದ ಫಿಟ್ಟರ್ ಮಕ್ತುಮಸಾಬ. ಇರಬಹುದು... ಅವನ ಹೆಂಡತಿ ರೆಹಮತ್‌ಬಿ ಬಂದಳು.
“ನನ್ನ ಕೂಸು ಅಬೀದಾಗ ನೆಗಡಿ ಆಗೈತ್ರಿ. ಒಳಗ ಮಲಗಿಸ್ಲೇನ್ರಿ? ಬೇಲಿನ ಹಿಂದ ಬೆಚ್ಚಗ ಐತಿ.”
ಹೂಂ ಎಂದೆ. ಕೂಸು ದಿನವಿಡೀ ಮಿಸುಕದೆ ಮಲಗಿತ್ತು.

ಫೆಬ್ರುವರಿ ೨೪, ಬೆಳಿಗ್ಗೆ
ಊದುಬತ್ತಿ ಅಲ್ಲ. ಬೇಲಿಗೆ ಬಿಗಿದ ಕಬ್ಬಿಣದ ಪಟ್ಟಿ ಮುಟ್ಟಿದೆ—ಬಿಸಿ. ಮುಹೂರ್ತದ ದಿನದ ಕಿಡಿ ಒಳಗೊಳಗೇ ಹಬ್ಬಿದೆ. ಬೇಲಿನ ಹಿಂದೆ ನೋಡಿದೆ. ಕೂಸು ಇನ್ನೂ ಬಂದಿರಲಿಲ್ಲ, ಪುಣ್ಯ. ಸಾಹುಕಾರರ ಬಳಿ ಓಡಿದೆ.
“ಪೂಜಿ ಮಾಡಿದ ಬೇಲು ಅಳಗ್ಯಾಡಸಬಾರದ್ರಿ. ನಿಮಗಿನ್ನಾ ಜ್ವರ ಐತಿ, ಮನಿಗೆ ಹೋಗ್ರಿ” ಎಂದರು. ಆಮೇಲೆ, ತಣ್ಣಗೆ: “ನಿಮ್ಮ ಶೆಡ್ಡಿನ್ಯಾಗ ಬೆಂಕಿ ಬಿತ್ತಂದ್ರ, ಅದು ನಿಮ್ಮ ಪ್ರಯೋಗದ್ದ ಅಂತಾರ, ನೋಡ್ರಿ.”

ಅದೇ ದಿನ, ಮಧ್ಯಾಹ್ನ
ಬೇವಿನ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ನಾಳೆ ಯಾರು ಏನಂದರೂ ಇದು ಇರಲಿ. ಶೆಡ್ಡಿನ ಮಾಡಿನಿಂದ ಹೊಗೆ. ಗಾಳಿ ಆಡಬಾರದೆಂದು ಒಳಗೆ ಹೋಗದೆ ಹೊರಗಿನಿಂದಲೇ ಕದ ಹಾಕಿ ಅಗಳಿ ಜಡಿದೆ. ವರಾಂಡದ ಜೋಳಿಗೆಗಳನ್ನೆಲ್ಲ ಬಿಚ್ಚಿ ಕೂಸುಗಳನ್ನು ಇಲ್ಲಿ ಮಲಗಿಸಿದೆ. ಯಾವತ್ತೂ ಕೂಸು ಎತ್ತಿದವನಲ್ಲ. ಮಕ್ತುಮಸಾಬ ನೀರಿನ ಪಂಪು ತರಲು ಹೋದ. ಸಾಹುಕಾರರ ಅಪ್ಪಣೆ ಬೇಕಂತೆ!
ರೆಹಮತ್‌ಬಿ ಓಡಿ ಬರುತ್ತಿದ್ದಾಳೆ. ಕೂಸುಗಳು ಇಲ್ಲಿವೆ ಎಂದು ಕೂಗಿದೆ. ಇತ್ತ ತಿರುಗಿಯೂ ನೋಡಲಿಲ್ಲ. ಶೆಡ್ಡಿನ ಕಡೆಗೇ ಯಾಕೆ...
ಅಬೀದಾ. ಬೆಳಿಗ್ಗೆ ನಾನು ಸಾಹುಕಾರರ ಹತ್ತಿರ ನಿಂತಾಗ ಇವಳು ಬಂದು ಬೇಲಿನ ಹಿಂದೆ ಮಲಗಿಸಿ—