ಮೂಲೆಯ ಗುಲಾಬಿ

ತಾರಸಿ ತೋಟದ ಕಾರ್ಯದರ್ಶಿಯವರಿಗೆ, ಮೂರನೇ ಮಹಡಿಯ ನಿವೃತ್ತ ಗುಮಾಸ್ತನ ನಮಸ್ಕಾರ.

ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್... ಮುಂದಿನ ಇಂಗ್ಲಿಷ್ ಕಾಲೇಜಿನಲ್ಲೇ ಉಳಿಯಿತು, ಕನ್ನಡದಲ್ಲೇ ಬರೆಯುತ್ತೇನೆ.

ಹೆಚ್ಚು ನೀರು ಕುಡಿಯುವ ಹೂಗಿಡಗಳನ್ನು ಕಿತ್ತು ಸೊಪ್ಪು ಹಾಕಬೇಕೆಂದು ಭಾನುವಾರದ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ‘ಸಸ್ಟೇನಬಲ್’ ಎಂದು ಮೂರು ಸಲ ಮೇಜು ಗುದ್ದಿದೆ. ಇವತ್ತು ಮೂಲೆಯ ಗುಲಾಬಿಯನ್ನು ಬೇರು ಸಮೇತ ಕಿತ್ತವನೂ ನಾನೇ. ಗೊಬ್ಬರದ ಕೋಣೆಗೆ ಹಾಕಿ ಬಂದಮೇಲೆ ಕೆಳಮನೆಯ ದರ್ಜಿ ಕೇಳಿದರು, “ಅಲ್ಲ ಸಾರ್, ಅದು ನಿಮ್ಮ ಮನೆಯವರು ನೆಟ್ಟಿದ್ದಲ್ವಾ? ದಿನಾ ಅಕ್ಕಿ ತೊಳೆದ ನೀರು ತಂದು ಹಾಕ್ತಿದ್ರಲ್ಲ?”

ಅವಳು ಬದುಕಿದ್ದಾಗ ನಾನು ತಾರಸಿ ಹತ್ತಿದವನಲ್ಲ. “ಬೆಳಿಗ್ಗೆ ಬೆಳಿಗ್ಗೆ ಪಾತ್ರೆ ಹಿಡ್ಕೊಂಡು ಸವಾರಿ ಎಲ್ಲಿಗೆ?” ಎಂದು ರೇಗಿಸುತ್ತಿದ್ದೆ. “ಪೇಪರ್ ಓದದೆ ನನ್ನ ಮಾತು ಕೇಳೋರ ಹತ್ರ,” ಅನ್ನುತ್ತಿದ್ದಳು. ಯಾರೆಂದು ನಾನು ಪೇಪರಿನಿಂದ ತಲೆ ಎತ್ತಿ ಕೇಳಲಿಲ್ಲ.

ಗೊಬ್ಬರದ ಕೋಣೆಗೆ ಸಂಜೆಯೇ ಬೀಗ ಬಿದ್ದಿದೆ, ಬೀಗದ ಕೈ ನಿಮ್ಮಲ್ಲಿದೆ. ನಾಳೆ ಬೆಳಿಗ್ಗೆ ಕತ್ತರಿಸುವ ಯಂತ್ರ ಓಡಿಸುವ ಮೊದಲು ದಯವಿಟ್ಟು ನನ್ನನ್ನು ಒಳಗೆ ಬಿಡಿ. ಗಿಡ ಇನ್ನೂ ಒಣಗಿರಲಾರದು. ತೋಟದಲ್ಲಿ ಜಾಗ ಕೇಳುವುದಿಲ್ಲ, ಠರಾವು ಠರಾವೇ. ನಮ್ಮ ಕಿಟಕಿಯ ಕುಂಡದಲ್ಲಿ ಇಟ್ಟುಕೊಳ್ಳುತ್ತೇನೆ. ನಲ್ಲಿಯ ನೀರೂ ಬೇಡ. ಈಗಷ್ಟೇ ಒಂದು ಪಾವು ಅಕ್ಕಿ ತೊಳೆದು ನೀರು ಎತ್ತಿಟ್ಟಿದ್ದೇನೆ. ಅನ್ನ ಮಾಡುವುದು ಹೇಗೆಂದು ಮಾತ್ರ ನನಗೆ ಗೊತ್ತಿಲ್ಲ.

ಯುವರ್ಸ್ ಒಬೀಡಿಯೆಂಟ್ಲಿ,
ಮೇಜು ಗುದ್ದಿದವನು