ಸದ್ದಿಲ್ಲದ ಡಬ್ಬ

ಮಂಗಳವಾರ, ೧೪

ಜೀರುಂಡೆ ಡಬ್ಬದಿಂದ ಸದ್ದೇ ಇಲ್ಲ.

ನನ್ನ ತಮ್ಮ ಕೆಲಸದ ಮೇಲೆ ಪರವೂರಿಗೆ ಹೋಗುವಾಗ ತಾನು ಸಾಕಿದ ಓತಿಕ್ಯಾತವನ್ನೂ, ಅದರ ಊಟಕ್ಕೆಂದು ಜೀವಂತ ಜೀರುಂಡೆಗಳನ್ನೂ ನನ್ನ ತಲೆಗೆ ಕಟ್ಟಿದ. ಅವುಗಳ ಕಿರ್‌ಕಿರ್‌ಗೆ ನಿದ್ದೆಗೆಟ್ಟು ದಿನಾ ಶಾಪ ಹಾಕಿದ್ದೇನೆ. ಹಿಡಿಯಹೋದರೆ ಅಡುಗೆಮನೆ ತುಂಬ ಹಾರಿ ಗೋಳು ಹುಯ್ದುಕೊಳ್ಳುತ್ತಿದ್ದವು. ಇವತ್ತು ಸಂಜೆ ಒಂದೂ ಹಾರಲಿಲ್ಲ. ಸದ್ಯ, ನಾನು ಬದುಕಿದೆ ಅಂದುಕೊಂಡು ಸಿಕ್ಕಷ್ಟನ್ನೂ ಓತಿಕ್ಯಾತಕ್ಕೆ ತಿನ್ನಿಸಿದೆ.

ಊಟಕ್ಕೆ ಕೂತಾಗ ಯಜಮಾನರು ಹೇಳಿದರು: "ಮಧ್ಯಾಹ್ನ ಅಡುಗೆಮನೆಗೆಲ್ಲ ಜಿರಳೆ ಔಷಧಿ ಹೊಡೆದೆ ಕಣೇ. ಆ ಡಬ್ಬಕ್ಕೆ ಮುಚ್ಚಳ ಇತ್ತಲ್ಲ, ಏನಾಗಲ್ಲ ಬಿಡು."

ಮುಚ್ಚಳದ ತುಂಬ ತೂತು. ಪಾಪ, ಉಸಿರಾಡಲಿ ಅಂತ ನಾನೇ ಕೊರೆದದ್ದು.

ಪ್ರಾಣಿಗಳ ಡಾಕ್ಟರು ಫೋನ್ ಎತ್ತುತ್ತಿಲ್ಲ. ತಮ್ಮನ ಮೆಸೇಜು ಬಂದು ಕೂತಿದೆ: "ಅಕ್ಕಾ, ನನ್ನ ಮಗ ಊಟ ಮಾಡಿದ್ನಾ?" ಓತಿಕ್ಯಾತವೇ ಅವನಿಗೆ ಮಗ. ಮಾಡಿದ ಕಣೋ, ಹೊಟ್ಟೆ ತುಂಬ ಮಾಡಿದ. ಹೇಗೆ ಬರೆಯಲಿ?

ಅದು ತನ್ನ ಗಾಜಿನ ಪೆಟ್ಟಿಗೆಯೊಳಗೆ ಶಾಖದ ಬಲ್ಬಿನ ಕೆಳಗೆ ಬಾಯಿ ತೆರೆದು ಕೂತಿದೆ. ಶಾಖಕ್ಕೋ, ವಿಷಕ್ಕೋ, ನನಗೇನು ತಿಳಿಯುತ್ತೆ? ಡಬ್ಬದಲ್ಲಿ ಉಳಿದವುಗಳಲ್ಲಿ ಒಂದೇ ಒಂದು ಜೀರುಂಡೆ ಕಿರ್ ಅಂದರೂ ಸಾಕು, ಇನ್ನು ಬೈಯುವುದಿಲ್ಲ.

ಇದೀಗ ಗಾಜಿನ ಮೇಲೆ ಕೈಯಿಟ್ಟು ನೋಡಿದೆ. ಊಟ ಬಂತು ಅಂತ ಕತ್ತೆತ್ತಿ ನನ್ನ ಹತ್ತಿರವೇ ಬರುತ್ತಿದೆ.